ಒಬ್ಬನೇ ನಟ, ಎರಡು ಮುಖ: ಜೆಕಿಲ್ ಮತ್ತು ಹೈಡ್ ಕಥೆಯನ್ನು ರಂಗಕ್ಕೆ ತರುವ ಬಗೆ

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಕಾಲೇಜಿನ ನಾಟಕ ತಂಡಗಳೂ ಹವ್ಯಾಸಿ ಕಲಾವಿದರೂ ಕಡಿಮೆ ಪಾತ್ರಗಳಿರುವ, ಒಂದೂವರೆ ಗಂಟೆಯೊಳಗೆ ಮುಗಿಯುವ, ನಟನ ಶಕ್ತಿಯನ್ನು ಪೂರ್ತಿಯಾಗಿ ಬೇಡುವ ಕಥೆಯೊಂದನ್ನು ಹುಡುಕುವಾಗ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಕಥೆಯ ಹೆಸರು ಚರ್ಚೆಗೆ ಬಂದೇ ಬರುತ್ತದೆ. ಸಜ್ಜನನಾದ ವಿಜ್ಞಾನಿಯೊಬ್ಬ ತನ್ನೊಳಗಿನ ಕೆಡುಕನ್ನು ಬೇರ್ಪಡಿಸಲು ಔಷಧಿ ಕುಡಿದು ಇನ್ನೊಬ್ಬನಾಗುವ ಈ ಕಥೆಯನ್ನು ಕೈಗೆತ್ತಿಕೊಂಡ ತಂಡ ಮೊದಲು ಯೋಚಿಸುವುದು ಕೋರೆಹಲ್ಲು, ಕೆದರಿದ ಕೂದಲು ಮತ್ತು ಕೆಂಗಣ್ಣುಗಳ ಬಗ್ಗೆ. ಅಲ್ಲಿಗೆ ನಾಟಕ ಅರ್ಧ ಸೋತಂತೆಯೇ ಸರಿ, ಏಕೆಂದರೆ ಕುರೂಪಿಯನ್ನು ಕಂಡ ಪ್ರೇಕ್ಷಕ ಮರುಕ್ಷಣವೇ ಅವನನ್ನು ತನ್ನಿಂದ ದೂರವಿಟ್ಟು ನೋಡತೊಡಗುತ್ತಾನೆ. ಹೈಡ್‌ನನ್ನು ಜೆಕಿಲ್‌ಗಿಂತ ಸುಂದರನಾಗಿ, ಹಗುರವಾಗಿ, ಎಲ್ಲರಿಗೂ ಇಷ್ಟವಾಗುವಂತೆ ರೂಪಿಸಬೇಕು ಎಂಬುದು ಈ ಬರಹದ ಸಲಹೆ. ಹಾಗೆ ಮಾಡಲು ಬೇಕಾದ ಕಲಿಕೆ ಒಂದು ಹಳೆಯ ಬ್ರಿಟಿಷ್ ಭಯಾನಕ ಚಿತ್ರದಲ್ಲಿದೆ.

ಆ ಚಿತ್ರ 1960ರ 'ದಿ ಟೂ ಫೇಸಸ್ ಆಫ್ ಡಾಕ್ಟರ್ ಜೆಕಿಲ್'. ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆ ತನ್ನ ಬ್ರೇ ಸ್ಟುಡಿಯೋದಲ್ಲಿ ತಯಾರಿಸಿದ ಈ ವರ್ಣಚಿತ್ರವನ್ನು ಟೆರೆನ್ಸ್ ಫಿಶರ್ ನಿರ್ದೇಶಿಸಿದರು. ಚಿತ್ರಕಥೆ ವುಲ್ಫ್ ಮ್ಯಾಂಕೊವಿಟ್ಸ್ ಅವರದು. ಎರಡೂ ಪಾತ್ರಗಳನ್ನು ಪಾಲ್ ಮ್ಯಾಸಿ ನಿರ್ವಹಿಸಿದರು. ಇಲ್ಲಿನ ಜೆಕಿಲ್ ಗಡ್ಡಧಾರಿ, ಮಂಕು ಮನುಷ್ಯ, ಪ್ರಯೋಗಾಲಯ ಬಿಟ್ಟು ಬೇರೆ ಲೋಕವಿಲ್ಲದವನು. ಅವನ ಹೆಂಡತಿ ಕಿಟ್ಟಿ ಅವನ ಸ್ನೇಹಿತನಾದ ಪಾಲ್ ಆಲನ್‌ನನ್ನು ಗುಟ್ಟಾಗಿ ಪ್ರೀತಿಸುತ್ತಿರುತ್ತಾಳೆ. ಔಷಧಿಯಿಂದ ಹೊರಬರುವ ಹೈಡ್ ಮಾತ್ರ ನುಣುಪಾದ ಮುಖದ, ನಗುವ, ತಾರುಣ್ಯ ತುಂಬಿದ ಚೆಲುವ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 1957ರಲ್ಲಿ ಫ್ರಾಂಕೆನ್‌ಸ್ಟೈನ್‌ನ ಸೃಷ್ಟಿಯಾಗಿ, 1958ರಲ್ಲಿ ಡ್ರಾಕುಲಾ ಆಗಿ ಇದೇ ಸಂಸ್ಥೆಯ ಚಿತ್ರಗಳಲ್ಲಿ ನಡುಕ ಹುಟ್ಟಿಸಿದ್ದ ಕ್ರಿಸ್ಟೋಫರ್ ಲೀ ಈ ಚಿತ್ರದಲ್ಲೂ ಇದ್ದಾರೆ, ಆದರೆ ಸಾಲ ಮಾಡಿ ಜೂಜಾಡುವ ಆ ಸ್ನೇಹಿತನ ಪಾತ್ರದಲ್ಲಿ. ಅಂಥ ನಟ ಕೈಯಲ್ಲಿದ್ದೂ ರಾಕ್ಷಸನ ಮುಖವಾಡದ ಹಾದಿ ಬಿಟ್ಟದ್ದು ಆಲೋಚಿಸಿ ಮಾಡಿದ ಆಯ್ಕೆ.

ಇದು ಮೂಲ ಕಥೆಗೆ ಮಾಡಿದ ದ್ರೋಹವೇ ಎಂದು ತಾಲೀಮಿನಲ್ಲಿ ಯಾರಾದರೂ ಕೇಳುವುದು ಖಂಡಿತ. ರಾಬರ್ಟ್ ಲೂಯಿ ಸ್ಟೀವನ್‌ಸನ್ 1886ರಲ್ಲಿ ಪ್ರಕಟಿಸಿದ ಕಿರುಕಾದಂಬರಿಯನ್ನು ಓದಿದವರಿಗೆ ಉತ್ತರ ಸಿಗುತ್ತದೆ. ಅಲ್ಲಿ ಹೈಡ್ ಕುಳ್ಳ, ಬಿಳಿಚಿಕೊಂಡವನು, ನೋಡಿದವರಿಗೆಲ್ಲ ಅಸಹ್ಯ ಹುಟ್ಟಿಸುವವನು ನಿಜ. ಆದರೆ ಅವನಲ್ಲಿರುವ ಊನ ಯಾವುದೆಂದು ಯಾರಿಗೂ ಬೊಟ್ಟು ಮಾಡಿ ತೋರಿಸಲಾಗುವುದಿಲ್ಲ. ಜೆಕಿಲ್ ತನ್ನ ಕೊನೆಯ ಹೇಳಿಕೆಯಲ್ಲಿ, ಮೊದಲ ಬಾರಿ ಬದಲಾದಾಗ ತನ್ನ ಮೈ ಹಗುರಾಯಿತು, ವಯಸ್ಸು ಇಳಿಯಿತು, ಸುಖವೆನಿಸಿತು ಎಂದೇ ಬರೆದಿಡುತ್ತಾನೆ. ಮಂಗನಂಥ ಮುಖ ಬಂದದ್ದು ಮುಖ್ಯವಾಗಿ 1931ರ ಅಮೆರಿಕದ ಚಿತ್ರದಿಂದ. ಹ್ಯಾಮರ್ ಚಿತ್ರ ಜೆಕಿಲ್ ಅನುಭವಿಸಿದ ಆ ಸುಖವನ್ನೇ ಹಿಡಿದು ಮುಂದೆ ಸಾಗಿತು. ನಿಮ್ಮ ನಾಟಕವೂ ಹಿಡಿಯಬೇಕಾದ ಎಳೆ ಇದೇ.

ಚಿತ್ರದ ಅವಧಿ 88 ನಿಮಿಷ. ತಂಡದ ಮುಖ್ಯಸ್ಥರು ಮೊದಲು ಒಬ್ಬರೇ ನೋಡಿ ನಂತರ ಉಳಿದವರಿಗೆ ತೋರಿಸುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಇದಕ್ಕೆ ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರವಿತ್ತು, ಪಿಯುಸಿ ಹುಡುಗ ಹುಡುಗಿಯರಿರುವ ತಂಡಕ್ಕೆ ಇಡೀ ಚಿತ್ರ ಹೊಂದುವುದಿಲ್ಲ. ಎರಡನೆಯ ಬಾರಿ ನೋಡುವಾಗ ಧ್ವನಿಯನ್ನು ಪೂರ್ತಿ ಅಡಗಿಸಿ, ಮ್ಯಾಸಿ ಅವರ ಕುತ್ತಿಗೆ, ಭುಜ ಮತ್ತು ಕೈಗಳನ್ನಷ್ಟೇ ಗಮನಿಸಬೇಕು. ಒಬ್ಬನೇ ಮನುಷ್ಯ ಕೋಣೆಯೊಂದನ್ನು ಹೊಕ್ಕಾಗ ಎಷ್ಟು ಜಾಗ ತುಂಬುತ್ತಾನೆ, ಎದುರಿನವರಿಗೆ ಎಷ್ಟು ಹತ್ತಿರ ನಿಲ್ಲುತ್ತಾನೆ ಎಂಬುದನ್ನು ಟಿಪ್ಪಣಿ ಮಾಡಿಕೊಳ್ಳಬೇಕು.

ಪಠ್ಯದ ವಿಚಾರದಲ್ಲಿ ಒಂದೇ ಎಚ್ಚರಿಕೆ. ಸ್ಟೀವನ್‌ಸನ್ ತೀರಿಕೊಂಡದ್ದು 1894ರಲ್ಲಾದ್ದರಿಂದ ಮೂಲ ಕಥೆಯನ್ನು ಯಾರು ಬೇಕಾದರೂ ಕನ್ನಡಕ್ಕೆ ತಂದು ಆಡಬಹುದು. ಕಿಟ್ಟಿ ಮತ್ತು ಪಾಲ್ ಆಲನ್‌ರ ಪ್ರಸಂಗ ಮಾತ್ರ ಚಿತ್ರಕಥೆಗಾರರ ಸ್ವತ್ತು. ಚಿತ್ರದಿಂದ ತತ್ತ್ವವನ್ನು ಪಡೆದು ದೃಶ್ಯಗಳನ್ನು ನೀವೇ ಬರೆದುಕೊಳ್ಳಿ. ಕಥೆಯನ್ನು ಲಂಡನ್ನಿನಲ್ಲೇ ಉಳಿಸುವುದು ಮೇಲು. ಜೆಕಿಲ್‌ನನ್ನು ದಾವಣಗೆರೆಯ ವೈದ್ಯನನ್ನಾಗಿ ಮಾಡಿದರೆ ಪ್ರೇಕ್ಷಕರು ಇವನು ಯಾರಿರಬಹುದೆಂದು ಊಹಿಸುತ್ತ ಕೂರುತ್ತಾರೆ, ನಾಟಕ ಕೈತಪ್ಪುತ್ತದೆ.

ಈಗ ನಟನ ಕೆಲಸಕ್ಕೆ ಬರೋಣ. ಬಣ್ಣ, ಗಡ್ಡ, ದೀಪ ಯಾವುದೂ ಇಲ್ಲದೆ ಎರಡು ವಾರವಾದರೂ ತಾಲೀಮು ನಡೆಯಬೇಕು. ಈ ಕಥೆಯನ್ನು ಅಮೆರಿಕದ ರಂಗಭೂಮಿಗೆ 1887ರಲ್ಲಿ ತಂದು, ಮರುವರ್ಷ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಆಡಿದ ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಮುಖ್ಯವಾಗಿ ಮೈಯ ಬಾಗು, ಮುಖದ ಸ್ನಾಯು ಮತ್ತು ಬೆಳಕಿನ ಬದಲಾವಣೆಗಳಿಂದಲೇ ಪ್ರೇಕ್ಷಕರ ಎದುರಿನಲ್ಲಿ ಬದಲಾಗುತ್ತಿದ್ದರು. 1920ರ ಮೂಕಿ ಚಿತ್ರದಲ್ಲಿ ಜಾನ್ ಬ್ಯಾರಿಮೋರ್ ಕೂಡ ಬದಲಾವಣೆಯ ಮೊದಲ ಕ್ಷಣಗಳನ್ನು ಬರೀ ಮುಖ ಮತ್ತು ಮೈಯಿಂದಲೇ ಸಾಧಿಸಿದರು. ಆ ಇಬ್ಬರೂ ಕೆಡುಕಿನ ಕಡೆಗೆ ಬಾಗಿದರು. ನಮ್ಮ ನಟ ನೆಟ್ಟಗಾಗಬೇಕು.

ಇದನ್ನು ಅಭ್ಯಾಸ ಮಾಡಿಸಲು ಒಂದು ಮೇಜು, ಒಂದು ಕುರ್ಚಿ, ಒಂದು ಲೋಟ ಚಹಾ ಸಾಕು. ಜೆಕಿಲ್ ಕುರ್ಚಿಯ ಅಂಚಿನಲ್ಲಿ ಕೂರುತ್ತಾನೆ, ಭಾರವೆಲ್ಲ ಹಿಮ್ಮಡಿಯ ಮೇಲಿರುತ್ತದೆ, ಲೋಟದತ್ತ ಕೈ ಹೋಗುವ ಮೊದಲು ಕಣ್ಣು ಹೋಗುತ್ತದೆ. ಲೋಟವನ್ನು ಅಂಗೈಯಿಂದ ಸುತ್ತುವರಿದು ಹಿಡಿದು, ಬಿಸಿಯಿದೆಯೇ ಎಂದು ತುಟಿಯಂಚಿನಿಂದ ನೋಡಿ, ಕುಡಿಯದೆಯೇ ಕೆಳಗಿಟ್ಟು, ಇಟ್ಟ ಜಾಗ ಸರಿಯಿಲ್ಲವೆನಿಸಿ ಅದನ್ನು ಒಂದಿಷ್ಟು ಸರಿಸುತ್ತಾನೆ. ಹೈಡ್ ಅದೇ ಕುರ್ಚಿಯ ಬೆನ್ನಿಗೆ ಒರಗುತ್ತಾನೆ, ಭಾರ ಮುಂಗಾಲಿಗೆ ಬಂದಿರುತ್ತದೆ, ಎದುರಿನವರ ಮುಖದಿಂದ ಕಣ್ಣು ಕೀಳದೆಯೇ ಲೋಟವನ್ನು ಎರಡು ಬೆರಳುಗಳಲ್ಲಿ ಎತ್ತಿ, ಅರ್ಧ ಕುಡಿದು, ಎದುರಿನವರ ಲೋಟದ ಪಕ್ಕಕ್ಕೇ ಇಡುತ್ತಾನೆ. ಈ ಎರಡನ್ನೂ ನಟ ಒಂದರ ಹಿಂದೊಂದರಂತೆ, ಮಾತಿಲ್ಲದೆ, ನಿಧಾನವಾಗಿ ಮಾಡಬೇಕು. ಉಳಿದವರು ಕಣ್ಣು ಮುಚ್ಚಿ ಕುಳಿತಿದ್ದು, ಚಪ್ಪಾಳೆ ತಟ್ಟಿದಾಗ ಕಣ್ಣು ತೆರೆದು, ಕೂತವನು ಯಾರೆಂದು ಹೇಳಬೇಕು. ಎಲ್ಲರೂ ತಡವರಿಸದೆ ಹೇಳುವ ಹಂತ ಬರುವವರೆಗೆ ಸಂಭಾಷಣೆಗೆ ಹೋಗಬೇಡಿ. ಅವಸರ ಮಾಡಿದ ತಂಡದ ನಟ ಪ್ರದರ್ಶನದ ದಿನ ಎಲ್ಲವನ್ನೂ ಗಂಟಲಿನಿಂದಲೇ ಸಾಧಿಸಲು ಹೊರಟು ಅಬ್ಬರಿಸುತ್ತಾನೆ.

ಉಸಿರು ಇದರ ಜೊತೆಗೇ ಕೂಡಿಬರಬೇಕು. ಜೆಕಿಲ್ ಎದೆಯ ಮೇಲ್ಭಾಗದಿಂದ ಗಿಡ್ಡ ಉಸಿರು ತೆಗೆದುಕೊಳ್ಳುತ್ತಾನೆ; ಹೈಡ್ ಹೊಟ್ಟೆಯ ತನಕ ಎಳೆದುಕೊಂಡು, ಬಿಡುವಾಗ ಮಾತಾಡುತ್ತಾನೆ. ಮಾತಿನ ರೀತಿಯಲ್ಲಿ ವ್ಯತ್ಯಾಸ ತೋರಿಸಲು ಅನೇಕರಿಗೆ ಸುಲಭವಾಗಿ ಹೊಳೆಯುವುದು ಜೆಕಿಲ್‌ಗೆ ಗ್ರಂಥಸ್ಥ ಕನ್ನಡ, ಹೈಡ್‌ಗೆ ನಮ್ಮ ಬಯಲುಸೀಮೆಯ ಆಡುಮಾತು ಎಂಬ ಹಂಚಿಕೆ. ಅದನ್ನು ನಾನು ಒಪ್ಪುವುದಿಲ್ಲ. ನಮ್ಮೂರಿನ ಮಾತನ್ನು ಕೆಡುಕಿನ ಗುರುತು ಮಾಡುವುದು ಆ ಮಾತನ್ನಾಡುವ ಪ್ರೇಕ್ಷಕರಿಗೇ ಅವಮಾನ. ಇಬ್ಬರಿಗೂ ಒಂದೇ ಕನ್ನಡವಿರಲಿ, ಆದರೆ ಜೆಕಿಲ್ ತಾನು ಆರಂಭಿಸಿದ ವಾಕ್ಯಗಳನ್ನು ಅರ್ಧಕ್ಕೆ ಬಿಡಲಿ, ಹೈಡ್ ತನ್ನ ವಾಕ್ಯಗಳನ್ನಷ್ಟೇ ಅಲ್ಲದೆ ಎದುರಿನವರ ವಾಕ್ಯಗಳನ್ನೂ ಪೂರ್ತಿ ಮಾಡಲಿ. ಬರೆಯುವಾಗಲೇ ಈ ನಿಯಮ ಪಾಲಿಸಿದರೆ ನಟನ ಹೊರೆ ಬಹಳ ಇಳಿಯುತ್ತದೆ.

ಗಡ್ಡದ ಪ್ರಶ್ನೆ ಸಣ್ಣದೆನಿಸಿದರೂ ಇಡೀ ನಾಟಕದ ದೃಶ್ಯಕ್ರಮವನ್ನು ನಿರ್ಧರಿಸುವುದು ಅದೇ. ಸಿನಿಮಾದಲ್ಲಿ ಕ್ಯಾಮೆರಾ ನಿಲ್ಲಿಸಿ ಗಡ್ಡ ತೆಗೆಯಬಹುದು, ಅಂಟಿಸಬಹುದು. ರಂಗದಲ್ಲಿ ತೆಗೆಯುವುದು ಕ್ಷಣದ ಕೆಲಸ, ಅಂಟಿಸುವುದು ನಿಮಿಷಗಳ ಕೆಲಸ. ಆದುದರಿಂದ ಜೆಕಿಲ್ ಹೈಡ್ ಆಗುವ ಬದಲಾವಣೆಗಳು ರಂಗದ ಮೇಲೆ ಅಥವಾ ಪಕ್ಕಪರದೆಯ ಹಿಂದೆ ಥಟ್ಟನೆ ನಡೆಯುವಂತೆಯೂ, ಹೈಡ್ ಜೆಕಿಲ್ ಆಗಿ ಮರಳುವ ಮುನ್ನ ಬೇರೆ ಪಾತ್ರಗಳ ಒಂದು ಪೂರ್ಣ ದೃಶ್ಯ ಬರುವಂತೆಯೂ ನಾಟಕವನ್ನು ಕಟ್ಟಬೇಕು. ಗಡ್ಡವನ್ನು ತೆಳು ಬಲೆಬಟ್ಟೆಯ ಮೇಲೆ ನೇಯಿಸಿಕೊಳ್ಳಿ. ಗಡ್ಡ ಮೀಸೆಗೆ ಬಳಸುವ ಕ್ರೇಪ್ ಕೂದಲನ್ನು ಸ್ಪಿರಿಟ್ ಗಮ್ ಎಂಬ ಅಂಟಿನಿಂದ ನೇರವಾಗಿ ಚರ್ಮಕ್ಕೆ ಅಂಟಿಸಿದರೆ ತೆಗೆಯಲು ಒದ್ದಾಡಬೇಕಾಗುತ್ತದೆ. ಬಲೆಯ ಗಡ್ಡಕ್ಕೆ ಎರಡೂ ಬದಿ ಅಂಟುವ ವಿಗ್ ಟೇಪಿನ ತುಂಡುಗಳನ್ನು ಕಿವಿಯ ಮುಂದೆ, ಗಲ್ಲದ ಕೆಳಗೆ ಮತ್ತು ತುಟಿಯ ಎರಡು ಬದಿಗೆ ಹಚ್ಚಿದರೆ ಸಾಕು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆಯ ಸೆಖೆಗೆ ಯಾವ ಟೇಪೂ ನಿಲ್ಲದು. ಪ್ರದರ್ಶನವನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳುವುದು ಜಾಣತನ. ಅಂಟನ್ನೂ ಬಣ್ಣವನ್ನೂ ಹಿಂದಿನ ದಿನವೇ ಮುಂಗೈಗೆ ಹಚ್ಚಿ, ತುರಿಕೆ ಬರುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಖಕ್ಕೆ ತರಬೇಕು.

ಉಡುಪಿಗೆ ಹೆಚ್ಚು ಖರ್ಚು ಬೇಡ. ಮೂಲ ಕಥೆಯಲ್ಲಿ ಜೆಕಿಲ್‌ನ ಬಟ್ಟೆ ಹೈಡ್‌ಗೆ ದೊಗಲೆಯಾಗುತ್ತದೆ. ನಾವು ಅದನ್ನು ತಿರುಗಿಸಿ, ಜೆಕಿಲ್‌ನ ಕೋಟನ್ನೇ ನಟನ ಅಳತೆಗಿಂತ ದೊಡ್ಡದಾಗಿ ಹೊಲಿಸಿ, ಹೈಡ್ ಆದಾಗ ಅದನ್ನು ಕಳಚಿ ಒಳಗಿನ ಬಿಗಿಯಾದ ವೇಸ್ಟ್‌ಕೋಟಿನಲ್ಲಿ ನಿಲ್ಲಿಸಿದರೆ ಮೈಕಟ್ಟೇ ಬೇರೆಯಾದಂತೆ ಕಾಣುತ್ತದೆ.

ಇನ್ನು ಬೆಳಕು. ಈ ಕಥೆಯ ಇತಿಹಾಸದಲ್ಲೇ ಅತ್ಯಂತ ಚೆಂದದ ಉಪಾಯ 1931ರ ಚಿತ್ರದ್ದು. ನಿರ್ದೇಶಕ ರೂಬೆನ್ ಮಮೂಲಿಯನ್ ಮತ್ತು ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ ನಟ ಫ್ರೆಡ್ರಿಕ್ ಮಾರ್ಚ್ ಅವರ ಮುಖಕ್ಕೆ ಬಣ್ಣದ ಗೆರೆಗಳನ್ನು ಮೊದಲೇ ಬಳಿಸಿ, ಕ್ಯಾಮೆರಾದ ಮುಂದಿನ ಬಣ್ಣದ ಫಿಲ್ಟರುಗಳನ್ನು ಬದಲಿಸಿದರು. ಕಪ್ಪು ಬಿಳುಪು ಫಿಲ್ಮಿನಲ್ಲಿ ಒಂದು ಫಿಲ್ಟರಿಗೆ ಕಾಣದ ಗೆರೆಗಳು ಮತ್ತೊಂದಕ್ಕೆ ಕಪ್ಪಾಗಿ ಮೂಡಿ, ಒಂದೇ ಓಟದಲ್ಲಿ, ಕತ್ತರಿಯಿಲ್ಲದೆ ಮುಖ ಬದಲಾಯಿತು. ಕೆಂಪು ಬಣ್ಣದ ಗೆರೆ ಕೆಂಪು ಬೆಳಕಿನಲ್ಲಿ ಸುತ್ತಲಿನ ಚರ್ಮದಷ್ಟೇ ಬೆಳಗಿ ಕಾಣದಾಗುತ್ತದೆ, ಹಸಿರು ಬೆಳಕಿನಲ್ಲಿ ಪ್ರತಿಫಲಿಸಲು ಏನೂ ಇಲ್ಲದೆ ಕಪ್ಪಾಗುತ್ತದೆ ಎಂಬುದೇ ಇದರ ಗುಟ್ಟು. ರಂಗದಲ್ಲಿ ಫಿಲ್ಟರಿನ ಬದಲು ದೀಪವನ್ನೇ ಬದಲಿಸಬಹುದು. ಆ ಚಿತ್ರ ಇದನ್ನು ಕುರೂಪ ತರಲು ಬಳಸಿತು. ನಮ್ಮ ಹೈಡ್ ಚೆಲುವನಾದ್ದರಿಂದ ನಾವು ದಿಕ್ಕು ತಿರುಗಿಸಬೇಕು. ಸುಕ್ಕುಗಳು ಜೆಕಿಲ್‌ನವು, ಅವು ಮಾಯವಾಗಬೇಕು.

ಮಾಡುವ ಕ್ರಮ ಹೀಗಿದೆ. ಪ್ರಯೋಗಾಲಯದ ರಾತ್ರಿಯ ದೃಶ್ಯಕ್ಕೆ ಮೊದಲು ನಟನ ಮುಖಕ್ಕೆ ಅವನ ಮೈಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದ ಪ್ಯಾನ್‌ಕೇಕ್ ಎಂಬ ಬುಡಬಣ್ಣ ಹಚ್ಚಿ, ಹಣೆಯ ಗೆರೆಗಳು, ಕಣ್ಣಿನ ಕೆಳಗಿನ ಚೀಲ, ಮೂಗಿನಿಂದ ಬಾಯಿಯಂಚಿಗೆ ಇಳಿಯುವ ಮಡಿಕೆ, ಕೆನ್ನೆಯ ಗುಳಿ ಇವಿಷ್ಟನ್ನು ಶುದ್ಧ ಕೆಂಪು ಬಣ್ಣದಿಂದ, ಕಂದು ಅಥವಾ ಕಪ್ಪು ಬೆರೆಸದೆ, ತೆಳುವಾಗಿ ಎಳೆಯಬೇಕು. ತಿಳಿ ಬುಡಬಣ್ಣ ಏಕೆಂದರೆ ನಮ್ಮ ಗೋಧಿ ಮತ್ತು ಕಂದು ಮೈಬಣ್ಣಗಳು ಹಸಿರು ಬೆಳಕಿನಲ್ಲಿ ತಾವೇ ಕಪ್ಪಾಗುವುದರಿಂದ ಗೆರೆಗೂ ಚರ್ಮಕ್ಕೂ ವ್ಯತ್ಯಾಸ ಸಾಲದೆ ಹೋಗುತ್ತದೆ. ದೃಶ್ಯ ಆರಂಭವಾಗುವುದು ಹಸಿರು ಬೆರೆತ ಮಂದ ಬೆಳಕಿನಲ್ಲಿ, ಆಗ ಜೆಕಿಲ್ ಅರವತ್ತು ದಾಟಿದವನಂತೆ ಕಾಣುತ್ತಾನೆ. ಔಷಧಿ ಕುಡಿದು ಅವನು ಮುಖವನ್ನು ಕೈಗಳಲ್ಲಿ ಮುಚ್ಚಿ ಮೇಜಿನ ಮೇಲೆ ಬಾಗಿದಾಗ ಗಡ್ಡ ಆ ಕೈಗಳೊಳಗೇ ಕಳಚಿ ಮೇಜಿನ ಖಾನೆಗೆ ಸೇರುತ್ತದೆ. ಅವನು ತಲೆ ಎತ್ತಿದ ಮೇಲೆ, ಮುಖ ಪೂರ್ತಿ ಪ್ರೇಕ್ಷಕರ ಕಡೆಗಿದ್ದು ಗೆರೆಗಳು ಇನ್ನೂ ಕಾಣುತ್ತಿರುವಾಗಲೇ, ಹಸಿರು ಇಳಿಯುತ್ತ ಕೆಂಪು ಏರುತ್ತ ಹೋಗಬೇಕು. ಒಟ್ಟು ಪ್ರಕಾಶ ಹೆಚ್ಚುಕಡಿಮೆಯಾಗದೆ, ಮನಸ್ಸಿನಲ್ಲಿ ನಿಧಾನವಾಗಿ ಎಂಟರವರೆಗೆ ಎಣಿಸುವಷ್ಟು ಹೊತ್ತು ಈ ಬದಲಾವಣೆಗೆ ಬೇಕು. ಬೆನ್ನು ನೆಟ್ಟಗಾಗುವುದೂ ಉಸಿರು ಕೆಳಗಿಳಿಯುವುದೂ ಅದೇ ಎಣಿಕೆಯಲ್ಲಿ ನಡೆದರೆ ಮುಂದಿನ ಸಾಲಿನವರಿಗೂ ಉಪಾಯ ತಿಳಿಯುವುದಿಲ್ಲ.

ಇದಕ್ಕೆ ಮೂರು ಬಣ್ಣದ ಎಲ್‌ಇಡಿ ಪಾರ್ ಎಂಬ ರಂಗದೀಪಗಳು ಹಳೆಯ ಹ್ಯಾಲೊಜೆನ್ ದೀಪ ಮತ್ತು ಅದರ ಮುಂದಿಡುವ ಬಣ್ಣದ ಜೆಲಟಿನ್ ಹಾಳೆಗಳಿಗಿಂತ ಉತ್ತಮ, ಏಕೆಂದರೆ ಅವುಗಳ ಕೆಂಪಿನಲ್ಲಿ ಬೇರೆ ಬಣ್ಣದ ಬೆರಕೆ ಕಡಿಮೆ. ಬಾಡಿಗೆಗೆ ಕೇಳುವಾಗ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಬೋರ್ಡು ಸಹ ಬೇಕೆಂದು ಹೇಳಿ, ನಟನ ಮುಖದ ಮೇಲೆಯೇ ಆ ದೀಪಗಳನ್ನು ಪರೀಕ್ಷಿಸಿ ನೋಡಿ. ಅಂಗಡಿಯಲ್ಲಿ ಗೋಡೆಯ ಮೇಲೆ ಕಂಡ ಬಣ್ಣವನ್ನು ನಂಬಬೇಡಿ. ಆ ದೃಶ್ಯದ ಉಡುಪಿನಲ್ಲೂ ಮೇಜಿನ ಮೇಲೂ ಕೆಂಪು ಅಥವಾ ಹಸಿರಿನ ಯಾವ ವಸ್ತುವೂ ಇರಬಾರದು, ಇದ್ದರೆ ಅದೂ ಬಣ್ಣ ಬದಲಿಸಿ ಉಪಾಯವನ್ನು ಬಯಲು ಮಾಡುತ್ತದೆ. ಕಪ್ಪು, ಬಿಳಿ, ಬೂದು ಮಾತ್ರ. ಕನ್ನಡಿ ಬೇಕೆನಿಸಿದರೆ ಗಾಜಿಲ್ಲದ ಚೌಕಟ್ಟು ಇಡಿ. ದಾವಣಗೆರೆಯ ಕುವೆಂಪು ಕನ್ನಡ ಭವನವಾಗಲಿ ಚಿತ್ರದುರ್ಗದ ತ.ರಾ.ಸು. ರಂಗಮಂದಿರವಾಗಲಿ ಮುಚ್ಚಿದ ಸಭಾಂಗಣವಾದ್ದರಿಂದ ಈ ಕೆಲಸಕ್ಕೆ ಅನುಕೂಲ. ಸಾಣೇಹಳ್ಳಿಯಲ್ಲಿರುವಂಥ ಬಯಲು ರಂಗಮಂದಿರದಲ್ಲಿ ಆಡುವುದಾದರೆ ಪೂರ್ತಿ ಕತ್ತಲಾದ ಮೇಲೆಯೇ ಈ ದೃಶ್ಯ ಬರಬೇಕು, ಸುತ್ತಲಿನ ಬಿಳಿ ದೀಪಗಳನ್ನು ಆರಿಸಲು ಮುಂಚೆಯೇ ಒಪ್ಪಿಗೆ ಪಡೆದಿರಬೇಕು. ಹೊರಗಿನ ಒಂದು ಬಿಳಿ ದೀಪ ಸಾಕು, ಗೆರೆಗಳೆಲ್ಲ ಕೆಂಪು ಬಣ್ಣವಾಗಿಯೇ ಕಂಡುಬಿಡುತ್ತವೆ.

ಔಷಧಿಯ ಲೋಟದ ಬಗ್ಗೆ ಸ್ಟೀವನ್‌ಸನ್ ಬಹಳ ನಿಖರವಾಗಿ ಬರೆದಿದ್ದಾನೆ. ದ್ರಾವಣ ಮೊದಲು ಕೆಂಪಗಿದ್ದು, ಸದ್ದು ಮಾಡುತ್ತ ನೊರೆಯುಕ್ಕಿ, ಗಾಢ ನೇರಳೆಗೆ ತಿರುಗಿ, ನಿಧಾನವಾಗಿ ತಿಳಿಹಸಿರಾಗುತ್ತದೆ. ಇದನ್ನು ಮನೆಯ ಅಂಗಳದ ಕೆಂಪು ದಾಸವಾಳದಿಂದಲೇ ಮಾಡಬಹುದು. ಐದಾರು ಹೂವಿನ ಎಸಳುಗಳನ್ನು ಒಂದು ಲೋಟ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ಸೋಸಿ, ಒಂದು ಚಮಚ ನಿಂಬೆರಸ ಹಾಕಿದರೆ ಗುಲಾಬಿಗೆಂಪು ಬರುತ್ತದೆ. ರಂಗದ ಮೇಲೆ ನಟ ಒಂದು ಚಮಚ ಅಡುಗೆ ಸೋಡಾವನ್ನು ಎರಡು ಮೂರು ಸಲವಾಗಿ ಸುರಿದಾಗ ನೊರೆ ಏಳುತ್ತದೆ, ಹುಳಿ ಕಳೆದಂತೆ ನೇರಳೆ ಛಾಯೆ ಬಂದು ಕೊನೆಗೆ ಹಸಿರಿಗೆ ಇಳಿಯುತ್ತದೆ. ದಾಸವಾಳದ ರಸ ಆಮ್ಲಕ್ಕೂ ಕ್ಷಾರಕ್ಕೂ ಬೇರೆ ಬೇರೆ ಬಣ್ಣ ತೋರುವುದನ್ನು ಶಾಲೆಯ ವಿಜ್ಞಾನ ಪಾಠದಲ್ಲಿ ಎಲ್ಲರೂ ಓದಿರುತ್ತಾರೆ. ಪಾತ್ರೆ ಎತ್ತರದ ಪಾರದರ್ಶಕ ಗಾಜಿನದಾಗಿರಲಿ, ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಹಿಂದಿನಿಂದ ಒಂದು ಸಣ್ಣ ಬಿಳಿ ದೀಪ ಕೊಡಿ. ಲೋಟಕ್ಕೆ ಬಿಳಿ ದೀಪ, ಮುಖಕ್ಕೆ ಹಸಿರು ಎಂಬ ವಿರೋಧವಿರುವುದರಿಂದ ಔಷಧಿ ಬೆರೆಸುವಾಗ ನಟ ಬೆಳಕಿಗೆ ಬೆನ್ನು ಮಾಡಿ ನಿಂತು, ಕುಡಿಯುವ ಮುನ್ನ ಆ ದೀಪ ಆರುವಂತೆ ನೋಡಿಕೊಳ್ಳಬೇಕು. ಕುಡಿಯುವುದು ಅಭಿನಯವಷ್ಟೇ.

ದಾವಣಗೆರೆಯ ಪ್ರೇಕ್ಷಕರು ಇಂಥ ದೃಶ್ಯಗಳನ್ನು ಮೆಚ್ಚುತ್ತಾರೆಯೇ ಎಂಬ ಅಳುಕು ಬೇಡ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಕಂಪನಿ ನಾಟಕಗಳ ಟ್ರಿಕ್ ಸೀನುಗಳಿಗೆ ಶಿಳ್ಳೆ ಹೊಡೆದವರ ಮಕ್ಕಳು ಮೊಮ್ಮಕ್ಕಳು ಇಲ್ಲಿ ಕೂತಿರುತ್ತಾರೆ. ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದ, ಪರದೆ ಎಳೆದ ಹಿರಿಯರು ಸಿಕ್ಕರೆ ತಾಲೀಮಿಗೆ ಕರೆದು ತೋರಿಸಿ; ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬಯಲಾಟದ ಬಣ್ಣಗಾರರಿಗೂ ದೂರದಿಂದ ಕಾಣುವ ಗೆರೆ ಯಾವುದು, ಕಾಣದ ಗೆರೆ ಯಾವುದು ಎಂಬುದು ಅನುಭವದಿಂದ ಗೊತ್ತಿರುತ್ತದೆ.

ಚಿತ್ರದಿಂದ ತೆಗೆದುಕೊಳ್ಳಬಾರದ ಭಾಗವನ್ನೂ ಸ್ಪಷ್ಟವಾಗಿ ಹೇಳಬೇಕು. ಅಲ್ಲಿ ಹೈಡ್ ಜೆಕಿಲ್‌ನ ಹೆಂಡತಿ ಕಿಟ್ಟಿಯ ಮೇಲೆ ಎಸಗುವ ಹಿಂಸೆಯನ್ನು ಕಥೆ ಸೇಡಿನ ಒಂದು ಹಂತದಂತೆ ದಾಟಿಹೋಗುತ್ತದೆ, ಆ ಹೆಣ್ಣಿನ ಕಡೆಗೆ ತಿರುಗಿ ನೋಡುವುದಿಲ್ಲ. ಇದು ಆ ಚಿತ್ರದ ದೊಡ್ಡ ಕೊರತೆ ಎಂಬುದು ನನ್ನ ದೃಢ ಅಭಿಪ್ರಾಯ. ನಿಮ್ಮ ನಾಟಕದಲ್ಲಿ ಒಬ್ಬ ಹೆಂಗಸಿನ ಪಾತ್ರವಿದ್ದರೆ, ಹೈಡ್‌ನ ಚೆಲುವಿನ ಹಿಂದಿರುವುದನ್ನು ಮೊದಲು ಗುರುತಿಸುವವಳು ಅವಳೇ ಆಗಲಿ. ಹಿಂಸೆ ರಂಗದ ಹೊರಗೆ ನಡೆಯಲಿ, ಅದರ ಬಗ್ಗೆ ಮಾತಾಡುವ ಹಕ್ಕು ಅವಳಿಗಿರಲಿ. ಪ್ರೇಕ್ಷಕರು ಅಲ್ಲಿಯವರೆಗೆ ಹೈಡ್‌ನ ಮಾತಿಗೆ ನಕ್ಕಿರುತ್ತಾರೆ, ಅವನ ಧೈರ್ಯವನ್ನು ಮೆಚ್ಚಿರುತ್ತಾರೆ. ಅವಳು ಮಾತಾಡುವಾಗ ಆ ಮೆಚ್ಚುಗೆಯೇ ಅವರಿಗೆ ಭಾರವಾಗಬೇಕು. ಕುರೂಪಿ ಹೈಡ್‌ನಿಂದ ಇದನ್ನು ಸಾಧಿಸಲಾಗದು.

ಕೊನೆಯ ದೃಶ್ಯದಲ್ಲಿ ಹೈಡ್ ತಾನಾಗಿಯೇ, ಎಲ್ಲರೆದುರು, ಜೆಕಿಲ್ ಆಗಿ ಮರಳುತ್ತಾನೆ. ಇಲ್ಲಿ ಗಡ್ಡ ಹಚ್ಚಲು ಸಮಯವಿಲ್ಲ, ಹಚ್ಚಲೂ ಕೂಡದು. ಅಷ್ಟರಲ್ಲಿ ಜೆಕಿಲ್‌ನ ಬೆನ್ನು, ಅವನ ಗಿಡ್ಡ ಉಸಿರು, ಅರ್ಧಕ್ಕೆ ನಿಲ್ಲುವ ವಾಕ್ಯ ಪ್ರೇಕ್ಷಕರಿಗೆ ಪರಿಚಿತವಾಗಿರುತ್ತವೆ. ಹೈಡ್‌ನ ಒಂದು ಮಾತು ನಡುವೆ ತುಂಡಾದರೆ ಸಾಕು, ಬಂದವನು ಯಾರೆಂದು ಸಭೆಗೆ ತಿಳಿಯುತ್ತದೆ. ಹಿಂದಿನ ದೃಶ್ಯದ ಬಿಡುವಿನಲ್ಲಿ ಕೆಂಪು ಗೆರೆಗಳನ್ನು ಮತ್ತೆ ಎಳೆದಿದ್ದು, ಕೆಂಪು ಬೆಳಕಿನಲ್ಲಿ ಆರಂಭಿಸಿ ಹಸಿರಿಗೆ ತಿರುಗಿಸಿದರೆ ಆ ನುಣುಪು ಮುಖದ ಮೇಲೆಯೇ ಸುಕ್ಕುಗಳು ಮೂಡುತ್ತವೆ. ಈ ಬಾರಿ ಬದಲಾವಣೆ ಮೊದಲಿನದಕ್ಕಿಂತ ಎರಡು ಪಟ್ಟು ನಿಧಾನವಾಗಿರಲಿ, ಸಂಗೀತ ಬೇಡ. ಬೆಳಕು ನಿರ್ವಹಿಸುವವರು ನಟನ ಉಸಿರನ್ನು ನೋಡುತ್ತ ಡಿಮ್ಮರ್ ಎಳೆಯಬೇಕೇ ಹೊರತು ಗಡಿಯಾರ ನೋಡಿ ಅಲ್ಲ. ಅದಕ್ಕಾಗಿ ಅವರು ಕನಿಷ್ಠ ಕೊನೆಯ ವಾರದ ಎಲ್ಲ ತಾಲೀಮುಗಳಲ್ಲೂ ಇರಬೇಕು. ಪರದೆ ಬಿದ್ದ ಮೇಲೆ ಬಣ್ಣವನ್ನು ಉಜ್ಜಿ ತೆಗೆಯದೆ ಕೊಬ್ಬರಿ ಎಣ್ಣೆ ಹಚ್ಚಿ ಕರಗಿಸಿ ಹತ್ತಿಯಿಂದ ಒರೆಸಿ, ಗಡ್ಡದ ಬಲೆಯಿಂದ ಟೇಪಿನ ಅಂಟನ್ನು ಅಂದೇ ರಾತ್ರಿ ಬಿಡಿಸಿ, ಒಣಗಿಸಿ, ಮಡಚದೆ ಡಬ್ಬಿಯಲ್ಲಿಟ್ಟರೆ ಮುಂದಿನ ಪ್ರದರ್ಶನಕ್ಕೂ ಅದೇ ಗಡ್ಡ ಬರುತ್ತದೆ.